ಯಾರೂ ಕೇಳದಿದ್ದ ಪ್ರಶ್ನೆ

ಖಿನ್ನತೆಗೆಂದು ಬರೆಸಿಕೊಂಡ ಆರು ವರ್ಷಗಳ ಔಷಧಿ ಚೀಟಿಗಳನ್ನು ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು, ಇಂದು ಬೆಳಿಗ್ಗೆ ಅಕ್ಕನ ಜೊತೆ ಮಡಿಕೇರಿಯ ಹೊಸ ಮನೋವೈದ್ಯರ ಬಳಿಗೆ ಹೋಗಿದ್ದೆ. ಅವರು ಒಂದೊಂದನ್ನೂ ಬಿಡಿಸಿ ಓದಿದರು. ಥೈರಾಯ್ಡ್ ಕುಂದಿದರೂ ಮನಸ್ಸು ಹೀಗೆಯೇ ಕುಗ್ಗಬಹುದಾದ್ದರಿಂದ ಥೈರಾಯ್ಡ್ ರಕ್ತಪರೀಕ್ಷೆಯಾದ ಟಿಎಸ್‌ಎಚ್ ವರದಿಯನ್ನು ಹುಡುಕಿ ನೋಡಿದರು, ಅದು ಸರಿಯಾಗಿತ್ತು.

ಆಮೇಲೆ, ಈವರೆಗೆ ಯಾರೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದರು: "ನಿದ್ರೆಯೇ ಬೇಡವೆನಿಸಿ, ಮೈತುಂಬ ಹುರುಪಿದ್ದ ದಿನಗಳು ಎಂದಾದರೂ ಇದ್ದವೇ?"

ನಾನು ಇಲ್ಲವೆನ್ನುವಷ್ಟರಲ್ಲಿ ಅಕ್ಕ, "ಇದ್ದವಲ್ಲ ಡಾಕ್ಟ್ರೇ, ಒಂದು ವರ್ಷ ಕಾಫಿ ಕೊಯ್ಲಿನಲ್ಲಿ ವಾರವಿಡೀ ರಾತ್ರಿಯೆಲ್ಲ ಕಣದಲ್ಲೇ ಓಡಾಡುತ್ತಿದ್ದ, ಸಾಲ ಮಾಡಿ ಹೋಂಸ್ಟೇ ಕಟ್ಟಲು ಅಡ್ವಾನ್ಸ್ ಕೊಟ್ಟುಬಿಟ್ಟಿದ್ದ" ಎಂದಳು. ಆ ವಾರವನ್ನು ನಾನು ಕಾಯಿಲೆಯೆಂದು ಎಣಿಸಿರಲೇ ಇಲ್ಲ. ನನ್ನ ಬದುಕಿನ ಒಳ್ಳೆಯ ದಿನಗಳೆಂದು ಜೋಪಾನವಾಗಿ ನೆನಪಿಟ್ಟುಕೊಂಡಿದ್ದೆ.

ಇದು ಬೈಪೋಲಾರ್, ಅಂದರೆ ಮನಸ್ಸು ಕೆಲಕಾಲ ಕುಗ್ಗಿ ಕೆಲಕಾಲ ಅತಿಯಾಗಿ ಉಬ್ಬುವ ಕಾಯಿಲೆ, ಇರಬಹುದು, ಹಾಗಿದ್ದರೆ ಖಿನ್ನತೆಯ ಮಾತ್ರೆಯೊಂದೇ ಸಾಲದು, ಕೆಲವರಲ್ಲಿ ಅದು ಮನಸ್ಸಿನ ಏರಿಳಿತವನ್ನು ಹೆಚ್ಚಿಸಲೂಬಹುದು ಎಂದು ವಿವರಿಸಿದ ವೈದ್ಯರು, ಯಾವ ಮಾತ್ರೆಯನ್ನೂ ನಾನಾಗಿಯೇ ನಿಲ್ಲಿಸಬಾರದೆಂದು ಎರಡು ಸಲ ಹೇಳಿದರು. ಈ ಏರಿಳಿತವನ್ನು ಹತೋಟಿಯಲ್ಲಿಡುವ ಲಿಥಿಯಂ ಮಾತ್ರೆ ಕೊಡುವುದಾದರೆ ಮೊದಲು ಕಿಡ್ನಿಯ ಪರೀಕ್ಷೆ ಆಗಬೇಕಂತೆ.

ಹಿಂದಿನ ವೈದ್ಯರ ಮೇಲೆ ಸಿಟ್ಟಿದೆ, ಸುಳ್ಳು ಹೇಳಲಾರೆ. ಆದರೆ ಅವರ ಬಳಿಗೆ ನಾನು ಪ್ರತಿಸಲವೂ ಒಬ್ಬನೇ, ಅದೂ ಕುಗ್ಗಿದ ದಿನಗಳಲ್ಲಷ್ಟೇ ಹೋಗಿದ್ದೆ. ಗೆಳೆಯರೇ, ಮಾತ್ರೆ ಬದಲಿಸಿದರೂ ಮಂಕು ಹರಿಯದಿದ್ದರೆ ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಚೀಟಿಗಳನ್ನು ಈಗ ಅಕ್ಕ ತಾರೀಖಿನ ಪ್ರಕಾರ ಜೋಡಿಸುತ್ತಿದ್ದಾಳೆ.