ಯಾ ಊರ ಮ್ಯಾಲೈತಿ?

"ಯವ್ವಾ, ಈಗ ಯಾ ಊರ ಮ್ಯಾಲೈತಿ ಅದು?"

ಮಂಗಳವಾರದಿಂದ ಈ ಪ್ರಶ್ನೆ ನನ್ನ ಕಿವಿ ಬಿಟ್ಟು ಹೋಗುತ್ತಿಲ್ಲ. ಕೇಳಿದವರು ಸವಣೂರು ಕಡೆಯ ಒಬ್ಬ ಅಜ್ಜ. ಹುಬ್ಬಳ್ಳಿ ವಿಮಾನ ನಿಲ್ದಾಣದ ಗೇಟಿನ ಹತ್ತಿರ ನಿಂತಿದ್ದ ವಿಮಾನ ಕಂಪನಿಯ ಹುಡುಗಿ "ಆನ್ ದ ವೇ ಇದೆ ಸರ್" ಅಂದಳು. ಅಜ್ಜ ಒಪ್ಪಲಿಲ್ಲ. "ದಾರ್ಯಾಗ ಐತಿ, ಖರೆ. ಯಾ ಊರ ಮ್ಯಾಲೈತಿ?" ಅಂತ ಮತ್ತೆ ಕೇಳಿದರು. ಹುಡುಗಿ ನಕ್ಕಳು. ಸುತ್ತ ಕೂತವರೂ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಒಂಥರಾ ಆಯಿತು. ರೈಲ್ವೆಯಲ್ಲಿ ಸೆಕ್ಷನ್ ಕಂಟ್ರೋಲರ್ ಆಗಿ 28 ವರ್ಷ ಹೆಡ್‌ಫೋನ್ ಹಾಕಿಕೊಂಡು ನಾನು ಕೇಳಿದ್ದು ಇದೊಂದೇ ಪ್ರಶ್ನೆ. ಗಾಡಿ ಎಲ್ಲಿದೆ? ಗುಡಗೇರಿ ಬಿಟ್ಟಿತಾ? ಯಲವಿಗಿ ಮುಟ್ಟಿತಾ? ಎದುರಿಗೆ ಟೇಬಲ್ ತುಂಬ ಹಾಳೆ. ಒಂದು ಬದಿಗೆ ಸ್ಟೇಷನ್ನುಗಳ ಹೆಸರು, ಇನ್ನೊಂದು ಬದಿಗೆ ಗಂಟೆ, ನಿಮಿಷ. ಸ್ಟೇಷನ್ ಮಾಸ್ತರರು ಹೇಳಿದಂತೆ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಾ ಹೋಗುವುದು. ಗೆರೆ ಅಡ್ಡ ಮಲಗಿತೆಂದರೆ ಗಾಡಿ ನಿಂತಿದೆ ಅಂತ ಲೆಕ್ಕ. ಈಗ ಆ ಗೆರೆಯನ್ನು ಕಂಪ್ಯೂಟರೇ ಎಳೆಯುತ್ತದೆ, ಆ ಮಾತು ಬಿಡಿ.

ಮಂಗಳವಾರ ಮಳೆ ಹೇಗಿತ್ತು ಅಂತ ಹುಬ್ಬಳ್ಳಿಯವರಿಗೆ ಹೇಳಬೇಕಿಲ್ಲ. ಗೋಕುಲ ರಸ್ತೆಯಲ್ಲಿ ಹತ್ತು ಮಾರು ಮುಂದಿನ ಬಸ್ಸು ಕಾಣುತ್ತಿರಲಿಲ್ಲ. ಬೆಂಗಳೂರಿನಿಂದ ಬರುವ ವಿಮಾನವೇ ನಮ್ಮನ್ನು ಹತ್ತಿಸಿಕೊಂಡು ವಾಪಸ್ ಹೋಗಬೇಕಿತ್ತು. ನಾನು ಮಗಳ ಮನೆಗೆ ಹೊರಟವನು. ಅಜ್ಜನದು ಮೊಮ್ಮಗಳ ನಿಶ್ಚಯ, ಮಗ ಟಿಕೆಟ್ ಕಳಿಸಿದ್ದ, ವಿಮಾನ ಹತ್ತುವುದು ಇದೇ ಮೊದಲು. ತಲೆಗೆ ಬಿಳಿ ಟೋಪಿ, ತೊಡೆಯ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ಸವಣೂರು ಎಲೆ. ಬೆಂಗಳೂರಿನ ಎಲೆ ನಾಲಿಗೆಗೆ ರಟ್ಟು ಹತ್ತಿದ ಹಾಗಂತೆ, ನಿಶ್ಚಯದ ವೀಳ್ಯಕ್ಕೆ ಅದು ನಡೆಯುವುದಿಲ್ಲವಂತೆ. ಗಂಟೆಗೊಮ್ಮೆ ಎದ್ದು ನಲ್ಲಿಯ ಹತ್ತಿರ ಹೋಗಿ, ಬೊಗಸೆಯಲ್ಲಿ ನೀರು ತಂದು ಬಟ್ಟೆಯ ಮೇಲೆ ಚಿಮುಕಿಸಿ, ಮತ್ತೆ ಮಡಚಿ ಇಡುತ್ತಿದ್ದರು.

ಅವರ ಪ್ರಶ್ನೆಗೆ ಉತ್ತರ ನನ್ನ ಜೇಬಿನಲ್ಲೇ ಇತ್ತು. ವಿಮಾನ ಎಲ್ಲಿದೆ ಅಂತ ತೋರಿಸುವ ಆ್ಯಪ್ ತೆಗೆದು ಅವರ ಮುಂದೆ ಹಿಡಿದೆ. ಇದರ ಒಳಗುಟ್ಟು ಸರಳ. ಈಗಿನ ವಿಮಾನ ಉಪಗ್ರಹದಿಂದ ತನ್ನ ಜಾಗ ತಿಳಿದುಕೊಂಡು, ಸೆಕೆಂಡಿಗೆ ಎರಡು ಸಲ "ನಾನು ಇಲ್ಲಿದ್ದೇನೆ" ಅಂತ ತಾನೇ ರೇಡಿಯೋದಲ್ಲಿ ಕೂಗುತ್ತಾ ಹೋಗುತ್ತದೆ. ಎಡಿಎಸ್-ಬಿ ಅನ್ನುತ್ತಾರೆ. ಅದನ್ನು ಕಂಟ್ರೋಲ್ ಟವರೇ ಕೇಳಬೇಕೆಂದಿಲ್ಲ. ಯಾರೋ ಹವ್ಯಾಸದವರು ಮಾಳಿಗೆ ಮೇಲೆ ಆಂಟೆನಾ ನಿಲ್ಲಿಸಿದ್ದರೂ ಕೇಳಿಸುತ್ತದೆ. ಹಾಗೆ ಕೇಳಿಸಿಕೊಂಡದ್ದೇ ನಮ್ಮ ಫೋನಿಗೆ ಬರುವುದು.

ಅಜ್ಜ ಕನ್ನಡಕ ಏರಿಸಿ ನೋಡಿದರು. "ಈ ಹಳದಿ ಹುಳಾನ ಏನ್ರಿ?"

"ಹೌದ್ರಿ ಅಜ್ಜಾರ. ಲಕ್ಷ್ಮೇಶ್ವರದ ಹತ್ರ ಐತಿ."

"ಲಕ್ಷ್ಮೇಶ್ವರದಾಗ ನಮ್ಮ ಬೀಗರದಾರ!" ಅಂದರು, ವಿಮಾನ ಚಹಾ ಕುಡಿಯಲು ಅಲ್ಲಿ ಇಳಿದಿದೆಯೇನೋ ಅನ್ನುವ ಹಾಗೆ.

ಸ್ವಲ್ಪ ಹೊತ್ತಿಗೆ ಮೋಡದೊಳಗೆ ಇಂಜಿನ್ ಸದ್ದು ಕೇಳಿತು. ಎಲ್ಲರೂ ಬ್ಯಾಗ್ ಹಿಡಿದು ಗಾಜಿನ ಕಡೆ ಹೋದರು. ಗಾಜಿನಾಚೆ ಬರೀ ಬಿಳಿ. ಸದ್ದು ಹತ್ತಿರ ಬಂತು, ಒಮ್ಮೆಲೇ ಜೋರಾಯಿತು, ಆಮೇಲೆ ದೂರ ಹೋಯಿತು. ರೆಕ್ಕೆಯ ತುದಿಯೂ ಯಾರಿಗೂ ಕಾಣಲಿಲ್ಲ. ಬಿಳಿ ಶರ್ಟಿನ ಒಬ್ಬರು ಫೋನಿನಲ್ಲಿ ಯಾವುದೋ ಸಾಹೇಬರಿಗೆ "ಪೈಲಟ್‌ಗೆ ಧೈರ್ಯ ಸಾಲದು" ಅಂತ ವರದಿ ಒಪ್ಪಿಸುತ್ತಿದ್ದರು. ಇಂಥವರು ಎಲ್ಲ ವೇಟಿಂಗ್ ಹಾಲ್‌ನಲ್ಲೂ ಒಬ್ಬರು ಇರುತ್ತಾರೆ. ಸಿಗ್ನಲ್ ಕೆಂಪಿದ್ದಾಗ ಡ್ರೈವರ್‌ಗೆ ಬೈಯುವವರೂ ಇವರೇ.

ಅಜ್ಜ ನನ್ನ ಫೋನು ಬಿಟ್ಟು ಕದಲಲಿಲ್ಲ. ಹಳದಿ ಹುಳ ಹೋಗಿ ಉದ್ದ ಮೊಟ್ಟೆಯಂಥ ಸುತ್ತು ಹಾಕತೊಡಗಿತ್ತು. ಒಂದು ಸುತ್ತು, ಎರಡು ಸುತ್ತು. "ಹೊಲದಾಗ ಕುಂಟಿ ಹೊಡದಂಗ ತಿರಗಾಕತ್ತೈತಲ್ರಿ" ಅಂದರು. ಇಳಿಯಲು ಕಾಯುತ್ತಾ ಮೇಲೆ ಸುತ್ತುವುದಕ್ಕೆ ಹೋಲ್ಡಿಂಗ್ ಅನ್ನುತ್ತಾರೆ, ಇದಕ್ಕಿಂತ ಚೆನ್ನಾಗಿ ಅದನ್ನು ನನಗೆ ಯಾರೂ ವಿವರಿಸಿಲ್ಲ. ಹೊಲದ ಆ ತುದಿಗೆ ಹೋಗಿ ಹೊರಳಿ ಈ ತುದಿಗೆ ಬರುವುದು. ನಾಲ್ಕನೇ ಸುತ್ತು ಮುಗಿದ ಮೇಲೆ ಹುಳ ಹೊರಳಲಿಲ್ಲ. ಆಗ್ನೇಯಕ್ಕೆ ಮುಖ ಮಾಡಿ ನೆಟ್ಟಗೆ ಹೊರಟಿತು.

"ಸಾಹೇಬ್ರ, ಅದು ಹೊಳ್ಳಿ ಹೊಂಟೈತಿ."

ಅಷ್ಟು ಹೊತ್ತಿಗೂ ಗೋಡೆಯ ಟಿವಿಯಲ್ಲಿ ನಮ್ಮ ವಿಮಾನ ಇನ್ನೇನು ಬರುವುದಿತ್ತು. ಅಜ್ಜ ಎದ್ದು ಹೋಗಿ ಹುಡುಗಿಗೆ ಸುದ್ದಿ ಮುಟ್ಟಿಸಿದರು: "ಯವ್ವಾ, ಅದು ಹೊಳ್ಳಿ ಹೋತವಾ." ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ, ಮುಖ ನೋಡಿದರೆ ತಿಳಿಯುತ್ತಿತ್ತು. ವಾಕಿಟಾಕಿ ಹಿಡಿದು ಒಳಗೆ ಹೋದಳು. ಕಾರ್ಯಾಚರಣೆಯ ಕಾರಣದಿಂದ ವಿಮಾನ ರದ್ದಾಗಿದೆ ಅಂತ ಮೈಕಿನಲ್ಲಿ ಬಂದದ್ದು 25 ನಿಮಿಷದ ಮೇಲೆ. ಮಳೆ ಅನ್ನುವ ಎರಡಕ್ಷರದ ಶಬ್ದ ಅವರ ಪುಸ್ತಕದಲ್ಲಿ ಇಲ್ಲವೇನೋ.

ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಕೊಟ್ಟದ್ದು ಯೂನಿಫಾರ್ಮು ಮತ್ತು ಮೂರು ವಾಕ್ಯ. ಒಳಗೆ ಲ್ಯಾಪ್‌ಟಾಪ್ ಹಿಂದೆ ಕೂತಿದ್ದ ಮನುಷ್ಯ ಒಮ್ಮೆ ಹೊರಗೆ ಬಂದು ನಿಂತಿದ್ದರೆ ಏನಾಗುತ್ತಿತ್ತು? ಹೀಗೆ ಯೋಚಿಸುತ್ತಿದ್ದಾಗಲೇ ಹಳೆಯದೊಂದು ನೆನಪಾಯಿತು. ಗಾಡಿ ಎರಡು ತಾಸು ತಡ ಅಂತ ನನ್ನ ಹಾಳೆಯ ಗೆರೆ ಸ್ಪಷ್ಟವಾಗಿ ಹೇಳುತ್ತಿದ್ದಾಗಲೂ, "ಸದ್ಯ ನಲವತ್ತು ನಿಮಿಷ ಅಂತ ಹಾಕ್ರಿ, ಮುಂದ ನೋಡೂಣು" ಅಂತ ಮಾಸ್ತರರಿಗೆ ಹೇಳಿದವನು ನಾನೇ. ಒಂದೆರಡು ಸಲ ಅಲ್ಲ. ಜನ ಗಲಾಟೆ ಮಾಡಬಾರದು ಅಂತ. ಪ್ಲಾಟ್‌ಫಾರಂ ಮೇಲೆ ಬುಟ್ಟಿ ಹಿಡಿದು ಕೂತವರು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲವಲ್ಲ.

ರೈಲ್ವೆ ಸ್ಟೇಷನ್ನಿಗೆ ಅಜ್ಜನನ್ನೂ ಕರೆದುಕೊಂಡೇ ಆಟೋ ಹತ್ತಿದೆ. ಬೆಂಗಳೂರಿಗೆ ಹೋಗುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ಗೆ ಕರೆಂಟ್ ಬುಕಿಂಗ್‌ನಲ್ಲಿ ಎರಡು ಬರ್ತ್ ಸಿಕ್ಕವು. ಪುಣ್ಯ.

ಗಾಡಿಗೆ ಕಾಯುತ್ತಾ ತಂಗಿಯ ಮಗನಿಗೆ ಫೋನ್ ಮಾಡಿದೆ. ಅವನು ಬೇರೆ ಊರಿನಲ್ಲಿ ಏರ್ ಟ್ರಾಫಿಕ್ ಕಂಟ್ರೋಲರ್. ಜಾಣ, ಆದರೆ ಶುರು ಮಾಡಿದರೆ ನಿಲ್ಲಿಸುವುದಿಲ್ಲ. "ಮಾಮಾ, ಐಎಲ್‌ಎಸ್, ಅಂದ್ರ ನೆಲದಿಂದ ರೇಡಿಯೋದಾಗ ರನ್‌ವೇ ದಾರಿ ತೋರಸೋ ವ್ಯವಸ್ಥಾ, ಇದ್ರೂ ಸಾಮಾನ್ಯ ದರ್ಜೆದ್ದಾದ್ರ ನೆಲದಿಂದ 200 ಅಡಿಗೆ ಬಂದಾಗ ರನ್‌ವೇ ದೀಪ ಕಾಣಬೇಕು. ಕಾಣಲಿಲ್ಲ ಅಂದ್ರ ಎತ್ತಲೇಬೇಕು. ಧೈರ್ಯದ ಮಾತಲ್ಲ ಅದು" ಅಂದ. ಬಿಳಿ ಶರ್ಟಿನವರ ನಂಬರ್ ನನ್ನ ಹತ್ತಿರ ಇರಲಿಲ್ಲ, ಇದ್ದಿದ್ದರೆ ಫಾರ್ವರ್ಡ್ ಮಾಡುತ್ತಿದ್ದೆ. ಸುತ್ತು ಹಾಕುವುದಕ್ಕೂ ಲೆಕ್ಕವಿದೆ. ಬೇರೆ ಊರಿಗೆ ಹೋಗಿ ಇಳಿಯುವಷ್ಟು ಎಣ್ಣೆ, ಅದರ ಮೇಲೆ ಇನ್ನೂ 30 ನಿಮಿಷ ಹಾರುವಷ್ಟು, ಇದು ಮುಟ್ಟಬಾರದ ಗಂಟು. ಅದರ ಹತ್ತಿರ ಬರುವ ಮೊದಲೇ ಹೊರಟುಬಿಡಬೇಕು.

ಅವನಿಂದ ಕೇಳಿದ್ದರಲ್ಲಿ ಗಗನ್ ವಿಷಯ ನನಗೆ ಹಿಡಿಸಿತು. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಮಾಡಿದ್ದು. ಜಿಪಿಎಸ್ ಲೆಕ್ಕದ ತಪ್ಪನ್ನು ನೆಲದ ಕೇಂದ್ರಗಳು ಹಿಡಿಯುತ್ತವೆ, ಆ ತಿದ್ದುಪಡಿಯನ್ನು ನಮ್ಮ ಜಿಸ್ಯಾಟ್ ಉಪಗ್ರಹಗಳು ವಿಮಾನಕ್ಕೆ ಮುಟ್ಟಿಸುತ್ತವೆ. ನೆಲದ ಮೇಲೆ ಐಎಲ್‌ಎಸ್ ಕಂಬಗಳಿಲ್ಲದ ಸಣ್ಣ ನಿಲ್ದಾಣದಲ್ಲೂ ಆಕಾಶದಿಂದಲೇ ದಾರಿ ಸಿಗುತ್ತದೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಒಂದು ಎಟಿಆರ್ ವಿಮಾನ ಹೀಗೆ ಇಳಿದು ತೋರಿಸಿತು. ದೆಹಲಿಯ ವಸಂತ ಕುಂಜ್‌ನಲ್ಲಿ ಕೂತು ಇಡೀ ದೇಶದ ವಿಮಾನಗಳ ಗದ್ದಲ ನೋಡುವವರೂ ಇದ್ದಾರೆ. ಮೇಲೆ ಸುತ್ತಿ ಎಣ್ಣೆ ಸುಡುವ ಬದಲು ಹೊರಡುವ ಊರಲ್ಲೇ ನಿಲ್ಲಿ ಅಂತ ಸಮಯ ಕೊಡುತ್ತಾರೆ. ಇದು ನಮಗೆ ಹೊಸದಲ್ಲ. ಸ್ಟೇಷನ್ನಿನ ಹೊರಗೆ ಔಟರ್ ಸಿಗ್ನಲ್‌ನಲ್ಲಿ ಗಾಡಿ ನಿಲ್ಲಿಸಿ ಬೈಸಿಕೊಳ್ಳುವುದಕ್ಕಿಂತ ಹಿಂದಿನ ಸ್ಟೇಷನ್ನಿನಲ್ಲೇ ಹಿಡಿದರೆ ಜನ ಚಹಾನಾದರೂ ಕುಡಿಯುತ್ತಾರೆ.

"ಈಗ ಎಲ್ಲಾ ಸ್ಕ್ರೀನ್ ಮ್ಯಾಲೆ ಮಾಮಾ. ಕಾಗದದ ಸ್ಟ್ರಿಪ್ ಹೋಗಾಕತ್ತಾವು. ಸಮುದ್ರದ ಮ್ಯಾಲೆ ಮಾತೂ ಇಲ್ಲ, ಮೆಸೇಜು" ಅಂದ. ಒಂದೊಂದು ವಿಮಾನಕ್ಕೆ ಒಂದೊಂದು ಕಾಗದದ ಪಟ್ಟಿ, ಅದರ ಮೇಲೆ ಎತ್ತರ, ಸಮಯ ಬರೆದು ಪ್ಲಾಸ್ಟಿಕ್ ಹೋಲ್ಡರ್‌ನಲ್ಲಿ ಸರಿಸುತ್ತಾ ಹೋಗುವುದು. ಅದೆಲ್ಲ ಬೇಡವೇ ಬೇಡ ಅನ್ನುವ ಹಾಗೂ ಇಲ್ಲ. 2025ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ಫ್ಲೈಟ್ ಪ್ಲಾನುಗಳನ್ನು ಮುಟ್ಟಿಸುವ ಸಂದೇಶ ವ್ಯವಸ್ಥೆ ಕೆಟ್ಟು ನಿಂತಾಗ ಅದನ್ನು ಕೈಯಿಂದಲೇ ಮಾಡಿದರು. 800ಕ್ಕೂ ಜಾಸ್ತಿ ವಿಮಾನ ತಡವಾದವು. ಆದರೂ ಹಾರಿದವು.

"ತಿರುಗಿ ಹೇಳೋದು ಹೋಗಿಲ್ಲಲ್ಲಾ?" ಅಂತ ಕೇಳಿದೆ.

"ಅದೆಲ್ಲಿ ಹೋಗತೈತಿ?"

ಕಂಟ್ರೋಲರ್ ಹೇಳಿದ ಎತ್ತರ, ದಿಕ್ಕು, ರನ್‌ವೇಯನ್ನು ಪೈಲಟ್ ಅದೇ ಶಬ್ದಗಳಲ್ಲಿ ತಿರುಗಿ ಹೇಳಬೇಕು. ಅದನ್ನು ಕಂಟ್ರೋಲರ್ ಕಿವಿಗೊಟ್ಟು ಕೇಳಬೇಕು, ತಪ್ಪಿದ್ದರೆ ತಿದ್ದಬೇಕು. ರೈಲ್ವೆಯಲ್ಲಿ ಇಬ್ಬರು ಸ್ಟೇಷನ್ ಮಾಸ್ತರರು ಲೈನ್ ಕ್ಲಿಯರ್, ಅಂದರೆ ಗಾಡಿ ಬಿಡಲು ಒಪ್ಪಿಗೆ, ಕೊಡುವಾಗ ಅದರ ಗುರುತಿಗೆ ಪ್ರೈವೇಟ್ ನಂಬರ್ ಹೇಳಿ ಬರೆದುಕೊಳ್ಳುತ್ತಾರಲ್ಲ, ಅದರ ಅಣ್ಣತಮ್ಮ ಇದು. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದಲ್ಲಿ ಮಂಜಿನ ನಡುವೆ ಎರಡು ಜಂಬೋ ವಿಮಾನ ರನ್‌ವೇ ಮೇಲೇ ಡಿಕ್ಕಿಯಾಗಿ 583 ಜನ ಸತ್ತರು. ಒಬ್ಬರು ಹೇಳಿದ್ದು ಒಂದು, ಇನ್ನೊಬ್ಬರು ತಿಳಿದದ್ದು ಇನ್ನೊಂದು. ಅಂದಿನಿಂದ ಟೇಕಾಫ್ ಅನ್ನುವ ಶಬ್ದವನ್ನು ಹಾರಲು ಅಪ್ಪಣೆ ಕೊಡುವಾಗ, ಆ ಅಪ್ಪಣೆ ರದ್ದು ಮಾಡುವಾಗ ಮಾತ್ರ ಬಾಯಿಗೆ ತರಬೇಕು ಅಂತ ಮಾಡಿದರು. ಒಂದು ಶಬ್ದಕ್ಕೆ ಇಷ್ಟು ಬಿಗಿ.

ಫೋನ್ ಇಟ್ಟ ಮೇಲೆ ಅಜ್ಜನ ಪ್ರಶ್ನೆಯೇ ಮತ್ತೆ ಬಂದು ಕೂತಿತು. ವಿಮಾನ ತಾನಿರುವ ಜಾಗವನ್ನು ಸೆಕೆಂಡಿಗೆ ಎರಡು ಸಲ ಊರಿಗೆಲ್ಲ ಸಾರುತ್ತಿತ್ತು. ಟವರ್‌ನವರು ಕೇಳಿದ್ದನ್ನು ಪೈಲಟ್ ಒಂದು ಅಕ್ಷರ ಬಿಡದೆ ಹೇಳುತ್ತಿದ್ದ. ಹಣ ಕೊಟ್ಟು ಕೂತ ಎಪ್ಪತ್ತು ಜನರಿಗೆ ಮಾತ್ರ "ಆನ್ ದ ವೇ". ಅಜ್ಜ ಕೇಳಿದ್ದಾದರೂ ಏನು? ಊರಿನ ಹೆಸರು.

ಗಾಡಿ ಹತ್ತಿದ ಮೇಲೆ ಅಜ್ಜ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದರು. ಇಬ್ಬರೂ ತಿಂದೆವು. ವಿಮಾನ ತಪ್ಪಿದ ದುಃಖ ಅವರಿಗೆ ಇದ್ದ ಹಾಗೆ ಕಾಣಲಿಲ್ಲ. "ಎಲಿ ಬಾಡಿಲ್ಲ, ಸಾಕ್ರಿ" ಅಂದರು. ನಾನು ಮೇಲಿನ ಬರ್ತ್ ಹತ್ತಿ ಮಲಗಿದೆ. ಕುಂದಗೋಳ ದಾಟಿದ್ದು ಗೊತ್ತಾಯಿತು, ಸಂಶಿ ಗೊತ್ತಾಗಲಿಲ್ಲ.

ಯಾರೋ ಕಾಲು ಹಿಡಿದು ಅಲುಗಾಡಿಸಿದರು. ಗಾಬರಿಯಿಂದ ಎದ್ದೆ. ಅಜ್ಜ. ಕಿಟಕಿಯ ಹೊರಗೆ ಕತ್ತಲು, ಮಳೆ, ಹಿಂದಕ್ಕೆ ಓಡುತ್ತಿದ್ದ ಒಂದು ಸ್ಟೇಷನ್ನಿನ ಮಂಕು ದೀಪ.

"ಯಲವಿಗಿ" ಅಂದರು. "ಇಲ್ಲಿಂದ ನಮ್ಮ ತ್ವಾಟ ದೂರಿಲ್ಲ. ಮುಂಜಾನಿ ಹೊಂಟ ಮನುಷ್ಯಾ, ಮತ್ತ ಇಲ್ಲೇ ಬಂದೀನಿ ನೋಡ್ರಿ."

ಸುಮ್ನೆ ನೋಡಿದೆ. ಅವರು ಕೆಳಗೆ ಕೂತು, ಬುಟ್ಟಿಯ ಬಟ್ಟೆ ಬಿಚ್ಚಿ, ಬಾಟಲಿಯ ಮುಚ್ಚಳದಲ್ಲಿ ನೀರು ತೆಗೆದು ಚಿಮುಕಿಸತೊಡಗಿದರು.