ಹೇಳಿ ಹೋಗೋದಾದ್ರೆ ಯಾರಿಗೆ ಹೇಳಬೇಕು?

ಆ ವಿಡಿಯೋವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. 2021ರ ಜೂನ್ 23, ಕಪ್ಪು ಸಮುದ್ರ. ಬ್ರಿಟನ್ನಿನ ಯುದ್ಧನೌಕೆ ಎಚ್‌ಎಂಎಸ್ ಡಿಫೆಂಡರ್ ಉಕ್ರೇನಿನ ಒಡೆಸಾ ಬಂದರಿನಿಂದ ಜಾರ್ಜಿಯಾದ ಬಟುಮಿಗೆ ಹೊರಟಿದೆ, ದಾರಿಯಲ್ಲಿ, ಉಕ್ರೇನ್ ಮತ್ತು ರಷ್ಯಾ ಎರಡೂ ತನ್ನದು ಅನ್ನುವ ಕ್ರಿಮಿಯಾದ ಕೇಪ್ ಫಿಯೊಲೆಂಟ್ ಭೂಶಿರದ ಎದುರು ಬಂದಿದೆ. ಹಡಗಿನ ಒಳಗೆ ಇರುವವರು ತಲೆಗೆ ಬಿಳಿ ಮುಸುಕು, ಕೈಗೆ ಬಿಳಿ ಗವಸು ಹಾಕಿಕೊಂಡಿದ್ದಾರೆ. ಹಡಗಿಗೆ ಏಟು ಬಿದ್ದು ಬೆಂಕಿ ಎದ್ದರೆ ಚರ್ಮ ಸುಡದಿರಲಿ ಅಂತ ಹಾಕುವ ಬಟ್ಟೆ ಅದು. ರೇಡಿಯೋದಲ್ಲಿ ರಷ್ಯನ್ ಕರಾವಳಿ ಪಡೆಯವರ ದನಿ ಬರುತ್ತದೆ, ದಿಕ್ಕು ಬದಲಿಸದಿದ್ದರೆ ಗುಂಡು ಹಾರಿಸ್ತೇವೆ ಅಂತ. ತಲೆ ಮೇಲೆ ವಿಮಾನಗಳು. ಹಡಗಿನಲ್ಲೇ ಇದ್ದ ಬಿಬಿಸಿ ವರದಿಗಾರ 20ಕ್ಕೂ ಜಾಸ್ತಿ ವಿಮಾನ ಬಂದವು ಅಂತ ಹೇಳಿದರು. ರಷ್ಯಾದ ಒಂದು ಹಡಗು ನೂರು ಮೀಟರ್ ಹತ್ತಿರಕ್ಕೆ ಬಂದಿತ್ತು. ನೂರು ಮೀಟರ್ ಅಂದರೆ ಆಟದ ಮೈದಾನದ ಆ ತುದಿಯಿಂದ ಈ ತುದಿ. ಸಾವಿರಾರು ಟನ್ನಿನ ಹಡಗುಗಳಿಗೆ ಅದೊಂದು ದೂರವೇ ಅಲ್ಲ.

ಹೆಚ್ಚುಕಡಿಮೆ ಅರ್ಧ ಗಂಟೆ. ಅಷ್ಟರಲ್ಲಿ ಹಡಗು ಆ ನೀರು ದಾಟಿ ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಎಚ್ಚರಿಕೆಯ ಗುಂಡು ಹಾರಿಸಿದೆವು, ಅದರ ದಾರಿಗೆ ಅಡ್ಡವಾಗಿ ನಾಲ್ಕು ಬಾಂಬ್ ಹಾಕಿದೆವು ಅಂತ ರಷ್ಯಾ ಹೇಳಿತು. ನಮ್ಮ ಹಡಗಿನ ಮೇಲೆ ಯಾರೂ ಗುಂಡು ಹಾರಿಸಿಲ್ಲ, ರಷ್ಯಾದವರು ಅಲ್ಲೇ ಫಿರಂಗಿ ತಾಲೀಮು ನಡೆಸುತ್ತಿದ್ದರು ಅಷ್ಟೇ ಅಂತ ಬ್ರಿಟನ್ ಹೇಳಿತು. ನನಗೆ ತಲೆಯಲ್ಲಿ ಕೂತಿದ್ದು ಗುಂಡಿನ ವಿಷಯ ಅಲ್ಲ. ಬ್ರಿಟನ್ ಕೊಟ್ಟ ಹೇಳಿಕೆಯ ಒಂದೇ ಒಂದು ಮಾತು: ನಮ್ಮ ಹಡಗು *ಉಕ್ರೇನಿನ* ಜಲಪ್ರದೇಶದಲ್ಲಿ ನಿರುಪದ್ರವಿಯಾಗಿ ಹಾದುಹೋಗುತ್ತಿತ್ತು.

ಕಾನೂನು ಏನು ಹೇಳುತ್ತೆ ಅಂತ ಮೊದಲು ನೋಡೋಣ. 1982ರ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ದಡದಿಂದ 12 ನಾಟಿಕಲ್ ಮೈಲು, ಅಂದರೆ 22 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ದೂರದವರೆಗಿನ ನೀರು ಆ ದೇಶದ್ದು. ನೆಲ ಹೇಗೋ ನೀರೂ ಹಾಗೆ. ಆದರೆ ಒಂದು ವ್ಯತ್ಯಾಸ ಇದೆ. ಬೇರೆ ದೇಶದ ಹಡಗು ಆ ನೀರಿನಲ್ಲಿ ಹಾದುಹೋಗಬಹುದು. ಸುಮ್ಮನೆ ಹಾದುಹೋಗಬೇಕು, ಅಷ್ಟೇ. ನಿಂತು ಕಾಲಹರಣ ಮಾಡುವ ಹಾಗಿಲ್ಲ, ಬೇಗ ದಾಟಬೇಕು. ಏನೇನು ಮಾಡಿದರೆ ಅದು ನಿರುಪದ್ರವಿ ಅಲ್ಲ ಅನ್ನೋದಕ್ಕೆ 19ನೇ ವಿಧಿಯಲ್ಲಿ ಹನ್ನೆರಡು ಬಾಬತ್ತಿನ ಪಟ್ಟಿ ಇದೆ. ಬೆದರಿಕೆ ಹಾಕುವುದು, ಆಯುಧದ ತಾಲೀಮು, ಬೇಹುಗಾರಿಕೆ, ವಿಮಾನ ಹಾರಿಸುವುದು, ಮೀನು ಹಿಡಿಯುವುದು, ಹೀಗೆ. ಸಬ್‌ಮರೀನ್ ಆದರೆ ನೀರಿನ ಮೇಲೆ ಬಂದು ಬಾವುಟ ತೋರಿಸಿಕೊಂಡೇ ಹೋಗಬೇಕು.

ನಮ್ಮ ಊರಿನ ಕಡೆಯವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತದೆ. ಪಕ್ಕದವರ ತೋಟದೊಳಗೆ ಕಾಲುದಾರಿ ಇರುತ್ತದೆ ಅಲ್ವಾ? ದಣಪೆ ದಾಟಿ, ಅವರ ಅಡಿಕೆ ಮರಗಳ ನಡುವೆ ನಡೆದು, ಆ ಕಡೆ ರಸ್ತೆಗೆ ಹೋಗುತ್ತೇವೆ. ಯಾರೂ ತಡೆಯುವುದಿಲ್ಲ. ಬಿದ್ದ ಅಡಿಕೆ ಹೆಕ್ಕಬಾರದು, ಕತ್ತಿ ಬೀಸಿಕೊಂಡು ಹೋಗಬಾರದು, ಬಾವಿಕಟ್ಟೆ ಮೇಲೆ ಕೂತು ಮನೆಯೊಳಗೆ ಇಣುಕಬಾರದು. ದಣಪೆ ಮತ್ತೆ ಹಾಕಿ ಹೋಗಬೇಕು.

ಈಗ ಆ ತೋಟ ದಾಯಾದಿ ಜಗಳದಲ್ಲಿದೆ ಅಂದುಕೊಳ್ಳಿ. ಪಹಣಿಯಲ್ಲಿ ತಮ್ಮನ ಹೆಸರು. ತೋಟದಲ್ಲಿ ಕೂತಿರೋದು ಅಣ್ಣ, ಆಳುಗಳನ್ನೂ ನಿಲ್ಲಿಸಿದ್ದಾನೆ. ನೀವು ಅಣ್ಣನಿಗೆ ಕೂಗಿ "ದಾಟಿ ಹೋಗ್ತೀನಿ ಮಾರಾಯ್ರೇ" ಅಂದರೆ ತಮ್ಮನಿಗೆ ಉರಿ ಹತ್ತುತ್ತದೆ, ನೀವೂ ಅವನದೇ ತೋಟ ಅಂತ ಒಪ್ಪಿಕೊಂಡ ಹಾಗಾಯಿತು. ತಮ್ಮನಿಗೆ ಹೇಳಿ ಹೋದರೆ ಅಣ್ಣ ಬಂದು ಅಡ್ಡ ನಿಲ್ಲುತ್ತಾನೆ. ದಾರಿ ಸುತ್ತಿ ಬಳಸಿ ಹೋದರೆ ಇಬ್ಬರೂ ಸುಮ್ಮನಿರುತ್ತಾರೆ, ಆದರೆ ಆ ಕಾಲುದಾರಿ ಅವತ್ತಿಗೆ ಮುಗಿಯಿತು. ನಾಳೆಯಿಂದ ಅಲ್ಲಿ ಬೇಲಿ.

ಡಿಫೆಂಡರ್ ಮಾಡಿದ್ದು ಎರಡನೇದು. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ತನ್ನದು ಮಾಡಿಕೊಂಡಿತು. ಅದೇ ವರ್ಷ ಮಾರ್ಚ್ 27ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 100 ದೇಶಗಳು ಕ್ರಿಮಿಯಾ ಉಕ್ರೇನಿನದೇ ಅನ್ನುವ ಕಡೆ ಮತ ಹಾಕಿದವು, 11 ವಿರುದ್ಧ ಹಾಕಿದವು, 58 ದೇಶಗಳು ಯಾರ ಕಡೆಯೂ ಕೈ ಎತ್ತಲಿಲ್ಲ. ಆ 58ರಲ್ಲಿ ಭಾರತವೂ ಇತ್ತು. ಪಹಣಿ ಉಕ್ರೇನಿನ ಹೆಸರಲ್ಲಿದೆ, ದಡದಲ್ಲಿ ಕೂತಿರೋದು ರಷ್ಯಾ. ಇಂಥ ನೀರಿನಲ್ಲಿ ಬ್ರಿಟನ್ ಹಡಗು ಹೋದದ್ದೇ ಒಂದು ಸಾಕ್ಷಿ ಹೇಳಿದ ಹಾಗೆ. ಅದು ಗೊತ್ತಿಲ್ಲದೆ ಆದದ್ದೂ ಅಲ್ಲ. ನಾಲ್ಕು ದಿನ ಕಳೆದ ಮೇಲೆ ಒಂದು ಸುದ್ದಿ ಹೊರಗೆ ಬಂತು. ಬ್ರಿಟನ್ ರಕ್ಷಣಾ ಇಲಾಖೆಯ ಸುಮಾರು ಐವತ್ತು ಪುಟದ ಕಾಗದಗಳು ಕೆಂಟ್ ಜಿಲ್ಲೆಯ ಬಸ್‌ ಸ್ಟಾಪಿನ ಹಿಂದೆ ಮಳೆಯಲ್ಲಿ ನೆನೆದು ಬಿದ್ದಿದ್ದವು, ಯಾರೋ ಸಾಮಾನ್ಯ ಜನ ನೋಡಿ ಬಿಬಿಸಿಗೆ ಕೊಟ್ಟರು. ಅದರಲ್ಲಿ ಎರಡು ದಾರಿಯ ಚರ್ಚೆ ಇತ್ತು. ಕ್ರಿಮಿಯಾದಿಂದ ದೂರ ಸುತ್ತಿ ಹೋಗುವುದು ಒಂದು. ನೇರ ಹೋಗುವುದು ಇನ್ನೊಂದು. ಸುತ್ತಿ ಹೋದರೆ ಹೆದರಿ ಓಡಿದರು ಅಂತ ರಷ್ಯಾ ಹೇಳಬಹುದು ಅನ್ನುವ ಯೋಚನೆಯೂ ಅದರಲ್ಲಿತ್ತು. ತಿಳಿದೇ ನೇರ ಹೋದರು.

ಅದು ಸರಿಯಾ? ನನ್ನ ಪ್ರಕಾರ ಸರಿ. ಯಾಕೆ ಅಂತ ಹೇಳೋಕೆ ಅದೇ ಸಮುದ್ರದ ಹಳೇ ಕಥೆ ಒಂದನ್ನು ಹೇಳಬೇಕು.

1988ರ ಫೆಬ್ರವರಿ 12. ಕ್ರಿಮಿಯಾ ದಡದ ಹತ್ತಿರದ ನೀರು. ಆಗ ತೋಟ ಯಾರದ್ದು ಅನ್ನುವ ಜಗಳ ಇರಲಿಲ್ಲ, ಪೂರ್ತಿ ಸೋವಿಯತ್ ಒಕ್ಕೂಟದ್ದು. ಜಗಳ ಕಾಲುದಾರಿಯದ್ದು. ಸೋವಿಯತ್ತಿನ ನಿಯಮದಲ್ಲಿ ವಿದೇಶಿ ಯುದ್ಧನೌಕೆಗಳು ಹಾದುಹೋಗೋಕೆ ಗೊತ್ತುಮಾಡಿದ ಕೆಲವೇ ದಾರಿಗಳಿದ್ದವು, ಕಪ್ಪು ಸಮುದ್ರದಲ್ಲಿ ಒಂದೂ ಇರಲಿಲ್ಲ. ಅದನ್ನು ಒಪ್ಪೋದಿಲ್ಲ ಅಂತ ತೋರಿಸೋಕೇ ಅಮೆರಿಕದ ಯಾರ್ಕ್‌ಟೌನ್ ಮತ್ತು ಕ್ಯಾರನ್ ಅನ್ನುವ ಎರಡು ಹಡಗು ಒಳಗೆ ಬಂದವು. ಸೋವಿಯತ್ ನೌಕೆ ಬೆಝಾವೆಟ್ನಿ ಯಾರ್ಕ್‌ಟೌನ್ ಪಕ್ಕಕ್ಕೆ ಬಂತು. ಗಾತ್ರದಲ್ಲಿ ಅದರ ಮೂರನೇ ಒಂದು ಪಾಲು ಇರಬಹುದು. ಹೋಗದಿದ್ದರೆ ನಮ್ಮ ಹಡಗಿನಿಂದಲೇ ಗುದ್ದುತ್ತೇವೆ ಅಂತ ಮೊದಲೇ ಹೇಳಿದ್ದರು, ಹೇಳಿದ ಹಾಗೇ ಗುದ್ದಿದರು. ಅದರ ವಿಡಿಯೋ ಕೂಡ ಇದೆ. ಎರಡು ಬೂದು ಬಣ್ಣದ ಹಡಗು ಒಂದಕ್ಕೊಂದು ಅಂಟಿಕೊಂಡ ಹಾಗೆ ಓಡುತ್ತವೆ, ನಡುವಿನ ನೀರು ಕುದಿದ ಹಾಗೆ ಮೇಲೆ ಚಿಮ್ಮುತ್ತದೆ, ಸೋವಿಯತ್ ಹಡಗಿನ ಮೂತಿ ಅಮೆರಿಕದ ಹಡಗಿನ ಕಂಬಿ ಸಾಲನ್ನು ಕಿತ್ತುಕೊಂಡು ಹಿಂದಕ್ಕೆ ಸರಿಯುತ್ತದೆ. ಅದು ತಗುಲಿದ್ದು ಕ್ಷಿಪಣಿ ಇಟ್ಟಿದ್ದ ಜಾಗದ ಹತ್ತಿರ. ಅದನ್ನು ನೋಡುವಾಗೆಲ್ಲ ನನ್ನ ಎದೆ ಧಸಕ್ ಅನ್ನುತ್ತದೆ. ಕ್ಯಾರನ್ ಹಡಗಿಗೆ ಇನ್ನೊಂದು ಸಣ್ಣ ಸೋವಿಯತ್ ಹಡಗು ಗುದ್ದಿತು. ದೇವರು ದೊಡ್ಡವನು, ಯಾರೂ ಸಾಯಲಿಲ್ಲ.

ಇದರ ಮುಂದಿನ ಭಾಗವೇ ಮುಖ್ಯ. ಮರು ವರ್ಷ, 1989ರ ಸೆಪ್ಟೆಂಬರ್ 23ರಂದು, ಅಮೆರಿಕದ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಮತ್ತು ಸೋವಿಯತ್ ವಿದೇಶಾಂಗ ಸಚಿವ ಎಡ್ವರ್ಡ್ ಶೆವಾರ್ಡ್‌ನಾಡ್ಸೆ ವಯೋಮಿಂಗ್‌ನ ಜಾಕ್ಸನ್ ಹೋಲ್‌ನಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿದರು. ಯುದ್ಧನೌಕೆ ಸೇರಿ ಎಲ್ಲಾ ಹಡಗಿಗೂ ನಿರುಪದ್ರವಿಯಾಗಿ ಹಾದುಹೋಗುವ ಹಕ್ಕಿದೆ, ಅದಕ್ಕೆ ಮೊದಲೇ ತಿಳಿಸಬೇಕಾಗಿಲ್ಲ, ಅನುಮತಿಯೂ ಬೇಕಾಗಿಲ್ಲ ಅಂತ ಅದರಲ್ಲಿ ಬರೆದಿದೆ. ಸೋವಿಯತ್ ಒಕ್ಕೂಟದ ಸಹಿಗೆ ಇವತ್ತು ಬಾಧ್ಯಸ್ಥ ರಷ್ಯಾ. ಅಂದಮೇಲೆ ಒಂದು ಮಾತಿಗೆ ಕ್ರಿಮಿಯಾ ರಷ್ಯಾದ್ದೇ ಅಂತ ಇಟ್ಟುಕೊಂಡರೂ ಡಿಫೆಂಡರ್ ಹಾದುಹೋಗಬಹುದಿತ್ತು. ಪಹಣಿ ಯಾರ ಹೆಸರಲ್ಲಾದರೂ ಇರಲಿ, ಕಾಲುದಾರಿ ಕಾಲುದಾರಿಯೇ.

ರಷ್ಯಾದ ಕಡೆಯ ವಾದ ಒಂದಿದೆ, ಅದನ್ನೂ ಹೇಳಬೇಕು. 2021ರ ಏಪ್ರಿಲ್‌ನಲ್ಲೇ ಅವರು ಕ್ರಿಮಿಯಾ ಸುತ್ತಲಿನ ಕೆಲವು ಕಡೆ ವಿದೇಶಿ ಯುದ್ಧನೌಕೆಗಳಿಗೆ ಅಕ್ಟೋಬರ್ 31ರವರೆಗೆ ದಾರಿ ಮುಚ್ಚಿದ್ದೇವೆ ಅಂತ ಘೋಷಿಸಿದ್ದರು. ಭದ್ರತೆಗೆ ಬೇಕೇ ಬೇಕು ಅನ್ನಿಸಿದರೆ ತಾತ್ಕಾಲಿಕವಾಗಿ ಮುಚ್ಚಲು ಸಮುದ್ರ ಕಾನೂನು ಒಪ್ಪಂದದ 25ನೇ ವಿಧಿಯಲ್ಲಿ ಅವಕಾಶ ಇದೆ. ಆದರೆ ಅದು ದಡದ ಯಜಮಾನನಿಗೆ ಕೊಟ್ಟ ಅಧಿಕಾರ. ಮತ್ತೆ ಅಲ್ಲೇ ಬಂದು ನಿಂತೆವು, ಯಜಮಾನ ಯಾರು? ಉಕ್ರೇನ್ ಹೂಡಿದ ಒಂದು ದಾವೆಯಲ್ಲಿ 2020ರ ಫೆಬ್ರವರಿಯಲ್ಲಿ ಮಧ್ಯಸ್ಥಿಕೆ ಮಂಡಳಿ, ಕ್ರಿಮಿಯಾ ಯಾರದ್ದು ಅನ್ನೋದನ್ನು ತೀರ್ಮಾನಿಸುವ ಅಧಿಕಾರ ನಮಗಿಲ್ಲ ಅಂತ ಹೇಳಿಬಿಟ್ಟಿತು. ನ್ಯಾಯಪೀಠ ಹೇಳೋದಿಲ್ಲ ಅಂದಮೇಲೆ ಉಳಿಯೋದು ಯಾರು ಎಲ್ಲಿ ನಡೆದುಕೊಂಡು ಹೋದರು ಅನ್ನುವುದೇ. ಯಾರೂ ನಡೆಯದೆ ಬಿಟ್ಟರೆ ಕೂತವನದೇ ತೋಟ ಆಗುತ್ತದೆ.

ಸಿಬ್ಬಂದಿ ಮುಸುಕು ಗವಸು ಹಾಕಿ ಸಿದ್ಧವಾಗಿ ನಿಂತಿದ್ದರಲ್ಲ, ಅದು ಹೇಗೆ ನಿರುಪದ್ರವಿ ಅಂತ ಗೆಳೆಯನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಇದಕ್ಕೆ 1949ರಲ್ಲೇ ಅಂತರರಾಷ್ಟ್ರೀಯ ನ್ಯಾಯಾಲಯ ಉತ್ತರ ಕೊಟ್ಟಿದೆ. ಗ್ರೀಸಿನ ಕಾರ್ಫು ದ್ವೀಪಕ್ಕೂ ಅಲ್ಬೇನಿಯಾಕ್ಕೂ ನಡುವಿನ ಕಾರ್ಫು ಜಲಸಂಧಿಯಲ್ಲಿ 1946ರ ಮೇ ತಿಂಗಳಲ್ಲಿ ಬ್ರಿಟಿಷ್ ಹಡಗುಗಳ ಮೇಲೆ ಗುಂಡು ಹಾರಿತ್ತು. ಅಕ್ಟೋಬರ್ 22ರಂದು ಮತ್ತೆ ಹೋದಾಗ ಸಿಬ್ಬಂದಿಯನ್ನು ಸಿದ್ಧವಾಗಿಟ್ಟುಕೊಂಡು ಹೋದರು. ನೀರಿನಲ್ಲಿ ಮೈನ್, ಅಂದರೆ ಹಡಗು ತಗುಲಿದರೆ ಸಿಡಿಯುವ ಸ್ಫೋಟಕ, ಇತ್ತು. ಸೌಮಾರೆಜ್ ಮತ್ತು ವೊಲಾಜ್ ಅನ್ನುವ ಎರಡು ಹಡಗಿಗೆ ಬಡಿಯಿತು. 44 ನಾವಿಕರು ಸತ್ತರು. ಹಿಂದೆ ಗುಂಡು ಬಿದ್ದ ಜಾಗದಲ್ಲಿ ಸಿದ್ಧವಾಗಿ ಹೋಗೋದು ಬೆದರಿಕೆ ಅಲ್ಲ ಅಂತ ಕೋರ್ಟು ಒಪ್ಪಿತು, ಸತ್ತವರಿಗೆ ಅಲ್ಬೇನಿಯಾವೇ ಹೊಣೆ ಅಂದಿತು. ಆಮೇಲೆ ನವೆಂಬರ್‌ನಲ್ಲಿ ಬ್ರಿಟನ್ ಅಲ್ಬೇನಿಯಾದ ನೀರಿಗೆ ಬಲವಂತವಾಗಿ ಹೋಗಿ ಮೈನ್ ತೆಗೆದಿತ್ತು. ಅದು ತಪ್ಪು ಅಂತಲೂ ಅದೇ ತೀರ್ಪಿನಲ್ಲಿ ಹೇಳಿತು. ಆ ತೀರ್ಪಿನ ಮೇಲೆ ನನಗೆ ಗೌರವ ಇರೋದು ಇದಕ್ಕೇ. ನಡೆಯುವ ಹಕ್ಕು ಬೇರೆ, ಅಗೆಯುವ ಹಕ್ಕು ಬೇರೆ.

ಈಗ ನಮ್ಮ ದೇಶದ ವಿಷಯ. ನಮ್ಮ 1976ರ ಕಾಯ್ದೆ ಪ್ರಕಾರ ವಿದೇಶಿ ಯುದ್ಧನೌಕೆ ನಮ್ಮ 12 ಮೈಲಿನೊಳಗೆ ಬರೋದಾದರೆ ಕೇಂದ್ರ ಸರ್ಕಾರಕ್ಕೆ ಮೊದಲೇ ತಿಳಿಸಬೇಕು. ಅನುಮತಿ ಅಲ್ಲ, ತಿಳಿಸಿದರೆ ಸಾಕು. ಅಮೆರಿಕ ಇದನ್ನು ಒಪ್ಪೋದಿಲ್ಲ. (2021ರ ಏಪ್ರಿಲ್‌ನಲ್ಲಿ ಲಕ್ಷದ್ವೀಪದ ಹತ್ತಿರ ಅಮೆರಿಕದ ಹಡಗು ಬಂತು ಅಂತ ಗಲಾಟೆ ಆಗಿದ್ದು ಬೇರೆಯೇ ವಿಷಯ. ಅದು 130 ನಾಟಿಕಲ್ ಮೈಲು ಆಚೆ ಇತ್ತು, ನಮ್ಮ ಆರ್ಥಿಕ ವಲಯದಲ್ಲಿ. ಅಲ್ಲಿ ನೀರು ನಮ್ಮದಲ್ಲ, ಮೀನು ನಮ್ಮದು. ಎರಡನ್ನೂ ಕಲಸಿ ಮಾತಾಡಿದವರೇ ಜಾಸ್ತಿ.)

ಕಾರವಾರದಲ್ಲಿ ನೌಕಾನೆಲೆ ಕಣ್ಣೆದುರೇ ಇಟ್ಟುಕೊಂಡು ಬೆಳೆದವನು ನಾನು. ಅದಕ್ಕೇ ಇರಬೇಕು, ಹೇಳಿ ಬನ್ನಿ ಅನ್ನೋದರಲ್ಲಿ ತಪ್ಪೇನು ಅಂತಲೇ ಅಂದುಕೊಂಡಿದ್ದೆ. ನಮ್ಮ ದಡದ ಮಟ್ಟಿಗೆ ಈಗಲೂ ಹಾಗೇ ಅನ್ನಿಸುತ್ತದೆ, ಯಾಕೆಂದರೆ ಇಲ್ಲಿ ಯಜಮಾನ ಯಾರು ಅನ್ನುವ ಗೊಂದಲ ಇಲ್ಲ. ಆದರೆ ಜಗಳದ ನೀರಿಗೆ ಆ ನಿಯಮ ಕೆಲಸ ಮಾಡೋದಿಲ್ಲ. ದಕ್ಷಿಣ ಚೀನಾ ಸಮುದ್ರದ ಪ್ಯಾರಾಸೆಲ್ ದ್ವೀಪಗಳನ್ನೇ ನೋಡಿ. ಚೀನಾ, ತೈವಾನ್, ವಿಯೆಟ್ನಾಂ ಮೂವರೂ ನಮ್ಮದು ಅಂತಾರೆ. ಮೂವರೂ ಮೊದಲೇ ಹೇಳಬೇಕು ಅಥವಾ ಕೇಳಬೇಕು ಅಂತಾರೆ. 2016ರ ಜನವರಿ 30ರಂದು ಅಮೆರಿಕದ ಕರ್ಟಿಸ್ ವಿಲ್ಬರ್ ಹಡಗು ಅಲ್ಲಿನ ಟ್ರೈಟನ್ ದ್ವೀಪದ 12 ಮೈಲಿನೊಳಗೆ ಹಾದುಹೋಯಿತು. ಮೂವರಲ್ಲಿ ಒಬ್ಬರಿಗೂ ಹೇಳಲಿಲ್ಲ. ಒಬ್ಬರಿಗೆ ಹೇಳಿದ್ದರೂ ತೀರ್ಪು ಕೊಟ್ಟ ಹಾಗೆ. ಹೇಳದೆ, ಆಯುಧ ಮುಟ್ಟದೆ, ನಿಲ್ಲದೆ ದಾಟಿ ಹೋಗುವುದೊಂದೇ ಯಾರ ಪಕ್ಷವೂ ಅಲ್ಲದ ದಾರಿ. ಇದನ್ನು ಅರ್ಥ ಮಾಡಿಕೊಳ್ಳೋಕೆ ನನಗೆ ವರ್ಷಗಳೇ ಬೇಕಾದವು.

ಇನ್ನೊಂದು ವಿಷಯ. 1988ರಲ್ಲಿ ಗುದ್ದಿದ ಆ ಬೆಝಾವೆಟ್ನಿ ಹಡಗು ಮುಂದೆ ಏನಾಯಿತು ಗೊತ್ತಾ? ಸೋವಿಯತ್ ಒಡೆದ ಮೇಲೆ ಕಪ್ಪು ಸಮುದ್ರದ ನೌಕಾಪಡೆಯನ್ನು ಪಾಲು ಮಾಡಿದರು. 1997ರಲ್ಲಿ ಆ ಹಡಗು ಉಕ್ರೇನಿನ ಪಾಲಿಗೆ ಹೋಯಿತು, ಹೆಸರೂ ಬದಲಾಯಿತು. ಮನೆ ಪಾಲಾಗುವಾಗ ತಾಮ್ರದ ಹಂಡೆ ಒಬ್ಬರಿಗೆ, ಕಡಾಯಿ ಒಬ್ಬರಿಗೆ ಹೋಗುತ್ತಲ್ಲ, ಹಾಗೆ.

ನಮ್ಮ ಚಿಕ್ಕಪ್ಪ ಸರಕು ಹಡಗಿನಲ್ಲಿ ಚೀಫ್ ಆಫೀಸರ್ ಆಗಿದ್ದವರು. ಒಡೆಸಾಕ್ಕೆ ಗೋಧಿ ತುಂಬೋಕೆ ಹೋಗಿದ್ದರು, 2014ಕ್ಕಿಂತ ಎಷ್ಟೋ ಮೊದಲು. ಹೋದ ವಾರ ಅವರಿಗೆ ಡಿಫೆಂಡರ್ ವಿಡಿಯೋ ತೋರಿಸಿ, "ಈ ದಾರಿ ನಿಮಗೆ ಗೊತ್ತಾ ಚಿಕ್ಕಪ್ಪ?" ಅಂತ ಕೇಳಿದೆ. ಮೊಬೈಲಿನಲ್ಲಿ ನಕ್ಷೆ ದೊಡ್ಡದು ಮಾಡಿ ಬೆರಳಿಟ್ಟರು. "ಇಲ್ಲಿ ಹೋಗೋಕೆ ಒಂದು ಪಟ್ಟಿ, ಬರೋಕೆ ಒಂದು ಪಟ್ಟಿ, ನಡುವೆ ಖಾಲಿ ಬಿಡ್ತಾರೆ ತಮಾ, ಎದುರುಬದುರು ಗುದ್ದಬಾರದು ಅಂತ." ಬೆಳಗಿನ ನಾಲ್ಕರಿಂದ ಎಂಟರ ವಾಚ್, ಅಂದರೆ ಕಾವಲು ಪಾಳಿ, ಅವರದ್ದು. ಬೆಳಕು ಹರಿಯುವಾಗ ಎಡಗಡೆ ಕೇಪ್ ಫಿಯೊಲೆಂಟ್ ಗುಡ್ಡದ ಗೆರೆ ಕಂಡಿತಂತೆ. ಚಾರ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಸಣ್ಣದೊಂದು ಗುರುತು ಹಾಕಿ, ಪಕ್ಕದಲ್ಲಿ ಗಂಟೆ ಬರೆದು, ಚಹಾ ಕುಡಿದರಂತೆ.

"ರೇಡಿಯೋದಲ್ಲಿ ಯಾರಾದ್ರೂ ಕೇಳಿದ್ರಾ, ಎಲ್ಲಿಗೆ ಹೋಗ್ತೀರಿ ಅಂತ?"

"ಯಾರೂ ಇಲ್ಲ. ಪೂರ್ತಿ ವಾಚ್ ರೇಡಿಯೋ ಸುಮ್ನಿತ್ತು."