ಹಂಚಿನ ಮಾಡಿನ ಕೆಳಗೆ ಕೇಳಿದ ಮಳೆಹಾಡುಗಳು

ಈ ವರ್ಷ ಪುನರ್ವಸು ಮಳೆ ಹಿಡಿದ ವಾರದಲ್ಲೇ ನಮ್ಮ ಇಂಗ್ಲಿಷ್ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಿತು. ತೀರ್ಥಹಳ್ಳಿ ಸೀಮೆಯ ಒಂದು ಕಾಲೇಜಿನಲ್ಲಿ 1986ರಿಂದ ಎರಡು ವರ್ಷ ಅವರ ಪಾಠ ಕೇಳಿದವನು ನಾನು. ಪಠ್ಯದ ಒಂದು ಪದ್ಯವೂ ಈಗ ನೆನಪಿಲ್ಲ. ಆದರೆ ಹಂಚಿನ ಮೇಲೆ ಮಳೆ ಅಪ್ಪಳಿಸಿ ಮಾತು ಕೇಳಿಸದಂತಾದಾಗ ಅವರು ಪುಸ್ತಕ ಮುಚ್ಚಿ, "ಮೊದಲು ಇದನ್ನು ಕೇಳಿ" ಎಂದು ಸುಮ್ಮನೆ ಕೂರುತ್ತಿದ್ದುದು, ಸದ್ದು ತುಸು ತಗ್ಗಿದೊಡನೆ ಪ್ಲಾಸ್ಟಿಕ್ ಚೀಲದಿಂದ ಟೇಪ್‌ರೆಕಾರ್ಡರ್ ಹೊರತೆಗೆಯುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ.

ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಎಂಬ ಅಮೆರಿಕದ ರಾಕ್ ತಂಡದ 'ಹ್ಯಾವ್ ಯು ಎವರ್ ಸೀನ್ ದ ರೇನ್' ಹಾಡನ್ನು ನಾನು ಮೊದಲು ಕೇಳಿದ್ದು ಹಾಗೆ. ಬಿಸಿಲಿದ್ದಾಗಲೇ ಸುರಿಯುವ ಮಳೆಯನ್ನು ಎಂದಾದರೂ ಕಂಡಿದ್ದೀರಾ ಎಂದು ಕೇಳುವ ಹಾಡು ಅದು. ಬಿಸಿಲಿನಲ್ಲಿ ಮಳೆ ಬಂದರೆ ನರಿಗೆ ಮದುವೆ ಎನ್ನುತ್ತಿದ್ದ ನಮಗೆ, ಕೀರ್ತಿಯ ಬಿಸಿಲು ಏರಿದ್ದಾಗಲೇ ತಂಡದೊಳಗೆ ಬಿದ್ದ ಬಿರುಕನ್ನು ಅದರ ಗಾಯಕ ಜಾನ್ ಫೋಗರ್ಟಿ ಹಾಗೆ ಹಾಡಿದನೆಂದೂ, 1971ರಲ್ಲಿ ಅವನ ಸ್ವಂತ ಅಣ್ಣನೇ ತಂಡ ಬಿಟ್ಟನೆಂದೂ ಅವರು ವಿವರಿಸಿದಾಗ, ಮಳೆಗೆ ಇಂಥದೊಂದು ಅರ್ಥವೂ ಇರಬಹುದೆಂದು ಬೆರಗಾಯಿತು. ಅದೇ ವರ್ಷದ ಡೋರ್ಸ್ ತಂಡದ 'ರೈಡರ್ಸ್ ಆನ್ ದ ಸ್ಟಾರ್ಮ್' ಹಾಡಿನಲ್ಲಿ ಗುಡುಗು ಮಳೆಗಳ ಸದ್ದನ್ನೇ ಸೇರಿಸಿದ್ದಾರೆ. ಎಲೆಕ್ಟ್ರಿಕ್ ಪಿಯಾನೋದ ಸ್ವರಗಳು ಸೂರಿನ ನೀರಿನಂತೆ ಇಳಿಯುತ್ತವೆ. ಟೇಪಿನ ಮಳೆ ಯಾವುದು, ಹೊರಗಿನದು ಯಾವುದು ಎಂದು ತಿಳಿಯದೆ ಕಿಟಕಿಯತ್ತ ನೋಡಿದವರಲ್ಲಿ ನಾನೂ ಒಬ್ಬ.

ಬೀಟಲ್ಸ್ ತಂಡ 1966ರಲ್ಲಿ ಹೊರತಂದ 'ರೇನ್' ಹಾಡಿನ ಕೊನೆಯಲ್ಲಿ ಜಾನ್ ಲೆನನ್‌ನ ದನಿಯನ್ನು ಹಿಂದುಮುಂದಾಗಿ ಕೂರಿಸಲಾಗಿದೆ. ಅಲ್ಲಿ ನಿಜಕ್ಕೂ ಏನಿದೆಯೆಂದು ತಿಳಿಯುವ ಹಂಬಲದಲ್ಲಿ ನಾನೂ ಇನ್ನಿಬ್ಬರೂ ಮೇಷ್ಟ್ರ ಕ್ಯಾಸೆಟ್ಟನ್ನು ಹೇಳದೆ ಹಾಸ್ಟೆಲಿಗೆ ಒಯ್ದು, ಸ್ಕ್ರೂಗಳನ್ನು ಬಿಚ್ಚಿ, ಟೇಪನ್ನು ಅರ್ಧ ಸುತ್ತು ತಿರುಚಿ ಮತ್ತೆ ಸುತ್ತಿದೆವು. ಆದರೆ ಅದನ್ನು ಕೇಳುವಷ್ಟರಲ್ಲಿ ಕರೆಂಟು ಹೋಯಿತು, ಬೆಳಗಿನವರೆಗೂ ಬರಲಿಲ್ಲ. ಮರುದಿನ ತರಗತಿಯಲ್ಲಿ ಹಾಡು ಕಂಬಳಿಯೊಳಗಿಂದ ಬಂದಂತೆ ಮಂಕಾಗಿ, ಕೊನೆಯಿಂದ ಮೊದಲಿಗೆ ಹರಿಯತೊಡಗಿತು. ಆರಂಭದಲ್ಲೇ ಲೆನನ್‌ನ ಆ ದನಿ ಮಾತ್ರ ನೆಟ್ಟಗೆ ಕೇಳಿಸಿತು. ಅದು ಹಾಡಿನ ಮೊದಲ ಸಾಲೇ ಆಗಿತ್ತು. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡು, ಯಾರ ಕೆಲಸವೆಂದರು. ನಾನು ಎದ್ದು ನಿಂತೆ. ಬೈಯುವ ಬದಲು ಅವರು ನನ್ನನ್ನು ಕರಿಹಲಗೆಯ ಬಳಿಗೆ ಕರೆದು, ಹೇಗೆ ಮಾಡಿದೆಯೆಂದು ಚಿತ್ರ ಬರೆದು ಎಲ್ಲರಿಗೂ ವಿವರಿಸಲು ಹೇಳಿದರು.

ಶಬ್ದಗ್ರಹಣವನ್ನೇ ವೃತ್ತಿಯಾಗಿಸಿಕೊಂಡು ಮೂರು ದಶಕ ದುಡಿದ ನನಗೆ, ನಾನು ಹಿಡಿದ ಮಳೆಯ ಸದ್ದು ಬೇರೆಯವರದಕ್ಕಿಂತ ಜೀವಂತವಾಗಿದೆ ಎಂದು ಬಲ್ಲವರು ಹೇಳಿದಾಗಲೆಲ್ಲ ಆ ಕರಿಹಲಗೆಯೇ ನೆನಪಾಗುತ್ತದೆ. ಈಗಿನ ಮಕ್ಕಳು ಜಾಣರು, ಅವರ ಅಂಕಗಳೂ ನಮಗಿಂತ ಹೆಚ್ಚು. ಆದರೆ ಪಾಠ ನಿಲ್ಲಿಸಿ ಮಳೆ ಕೇಳಿಸುವಷ್ಟು ಬಿಡುವನ್ನು ವೇಳಾಪಟ್ಟಿ ಯಾವ ಅಧ್ಯಾಪಕರಿಗೂ ಕೊಡುತ್ತಿಲ್ಲವೆಂಬ ಕೊರಗು ನನಗಿದೆ.

ನಮ್ಮ ಆ ತರಗತಿಗೆ ಈಗ ತಾರಸಿ ಬಂದಿದೆ, ಒಳಗೆ ಕುಳಿತರೆ ಮಳೆ ಬಂದದ್ದು ತಿಳಿಯುವುದಿಲ್ಲ. ಹಳೆಯ ಹಂಚು ಉಳಿದಿರುವುದು ಸೈಕಲ್ ನಿಲ್ಲಿಸುವ ಜಾಗದ ಮೇಲೆ ಮಾತ್ರ. ಮೇಷ್ಟ್ರ ಮನೆಗೆ ಹೋಗಿ ಬರುವಾಗ ಅದರ ಕೆಳಗೆ ನಿಂತು ಹತ್ತು ನಿಮಿಷದ ಮಳೆಯನ್ನು ಧ್ವನಿಮುದ್ರಿಸಿಕೊಂಡು ಬಂದೆ.